ಅತ್ತಿ ಒಗೆದ ಟೊಪಗಿ

ನಮ್ಮ ಅತ್ತಿ ಒಗೆದ ಟೊಪಗಿಯನ್ನು ನಕಲಿ ಅಂತ ಒಪ್ಪಿಕೋ ಅಂದರು ಟೋಪಿ ಸಂಗ್ರಹಿಸುವ ಮಂದಿ. ನಾನು ಒಪ್ಪಲಿಲ್ಲ. ಹುಬ್ಬಳ್ಳಿಯಲ್ಲಿ ಹುಟ್ಟಿದವಳು ನಾನು. ಹ್ಯೂಸ್ಟನ್ನಿನಲ್ಲಿ ಯಾರೋ ಒಬ್ಬ ದೀಪ ಬಿಟ್ಟು ನೋಡಿದ ಅಂತ ತಲೆ ಬಗ್ಗಿಸಲೇ?

ಎರಡನೇ ಮಹಾಯುದ್ಧದಲ್ಲಿ ಜರ್ಮನ್ ನೌಕಾಪಡೆಯವರು ಬಿಸಿಲುನಾಡುಗಳಲ್ಲಿ ಹಾಕುತ್ತಿದ್ದ ಹತ್ತಿಬಟ್ಟೆಯ ಟೋಪಿಗಳನ್ನು ನಾನು ಸಂಗ್ರಹಿಸುತ್ತೇನೆ. ಇಲ್ಲಿ ಹ್ಯೂಸ್ಟನ್ ಪಕ್ಕದ ನಮ್ಮ ಕೇಟಿ ಊರಿನ ಕನ್ನಡದ ಗೆಳತಿಯರಿಗೆ ಇದು ನುಂಗಲಾರದ ತುತ್ತು. "ಸೀರೆ ಕೂಡಿಡು, ಬೆಳ್ಳಿ ಕೂಡಿಡು, ಆ ಪಾಪಿಗಳ ಟೋಪಿ ಯಾಕೆ ನಿನಗೆ?" ಅನ್ನುತ್ತಾರೆ. ಪಾಪಿಗಳು ಸೋತರಲ್ಲ, ಸೋಲಿಸಿದವರು ಅದನ್ನು ಮನೆಗೆ ತಂದರಲ್ಲ, ಅದಕ್ಕೇ ಬೇಕು ಅನ್ನುತ್ತೇನೆ. ಇವತ್ತಿಗೂ ಆ ಪಾಪಿಗಳನ್ನು ಪೂಜಿಸುವ ಮಂದಿ ಇದ್ದಾರೆ. ಅವರಿಗಾಗಿ ಹೊಸ ಬಟ್ಟೆಯಲ್ಲಿ ಹಳೇ ಟೋಪಿ ಹೊಲಿಯುವ ಕಳ್ಳರೂ ಇದ್ದಾರೆ. ನಿಜ ಯಾವುದು, ಸುಳ್ಳು ಯಾವುದು ಅಂತ ಹೇಳುವವರು ಯಾರಾದರೂ ಬೇಡವೇ? ಆಸ್ಟಿನ್ನಿನ ಸಂತೆಯಲ್ಲಿ ನಾನು ಕೊಂಡ ಮೊದಲನೆಯದೇ ನಕಲಿ. ಚೆನ್ನಾಗಿ ಟೋಪಿ ಹಾಕಿಸಿಕೊಂಡ ಮೇಲೆಯೇ ಹಟ ಹಿಡಿದು ಕಲಿತೆ. ಟೋಪಿಯ ಮುಂದೆ ಹೊಲಿದ ಹದ್ದಿನ ಪಟ್ಟಿ ಹಳದಿ ದಾರದ್ದಾದರೆ ನೌಕಾಪಡೆಯದು, ಬೂದುನೀಲಿಯಾದರೆ ಭೂಸೇನೆಯದು. ಅಲ್ಲಿಂದ ಶುರು.

ಈ ಟೋಪಿ ಸಿಕ್ಕಿದ್ದು ಡ್ಯಾಲಸ್ ಹತ್ತಿರದ ಯೂಲೆಸ್‌ನಲ್ಲಿ, ಎಂಬತ್ತು ದಾಟಿದ ಒಬ್ಬ ಅಮೆರಿಕನ್ ಅಜ್ಜಿಯ ಮನೆಯಲ್ಲಿ. ಅವರ ಅಪ್ಪ ಯುದ್ಧಕ್ಕೆ ಹೋಗಿದ್ದವರು. ಸೆರೆಸಿಕ್ಕ ಜರ್ಮನ್ ನಾವಿಕನಿಂದ ಕಿತ್ತುಕೊಂಡೆ ಅನ್ನುತ್ತಿದ್ದರಂತೆ. ಹಾಲ್‌ನ ಕಿಟಕಿಯ ಎದುರು ಮೊಳೆಗೆ ತೂಗುಹಾಕಿದ್ದು, ಅವರು ಸತ್ತ ಮೇಲೂ ಅಲ್ಲೇ ಇತ್ತು. ಅಜ್ಜಿಯ ಅಣ್ಣ ಮಾತ್ರ ಚಿಕ್ಕಂದಿನಿಂದ ಒಂದೇ ರಾಗ: "ಅಪ್ಪ ಯಾವುದೋ ಅಂಗಡಿಯಲ್ಲಿ ನಕಲಿ ಟೋಪಿ ಕೊಂಡು ಕಥೆ ಕಟ್ಟಿದ." ಅಜ್ಜಿ ಟೋಪಿಯನ್ನು ನನ್ನ ಕೈಗಿಟ್ಟು ಹೇಳಿದರು, "ನಿನಗೆ ಗೊತ್ತಾಗುತ್ತಂತಲ್ಲ. ನಮ್ಮಪ್ಪ ಸುಳ್ಳುಗಾರ ಹೌದೋ ಅಲ್ಲವೋ, ನಾನು ಕಣ್ಣು ಮುಚ್ಚುವುದರೊಳಗೆ ಹೇಳಿಬಿಡು." ಹೇಳುತ್ತೇನೆ ಅಂದೆ. ಮಾತು ಕೊಟ್ಟೆ.

ಹ್ಯೂಸ್ಟನ್ನಿನ ಸಂಗ್ರಾಹಕರಿಗೆ ತೋರಿಸಬೇಕು ಅಂತ ಮನೆಗೆ ತಂದಿಟ್ಟೆ. ಮರುದಿನ ಆಫೀಸಿನಿಂದ ಬಂದು ನೋಡಿದರೆ, ಹಿತ್ತಲಿನ ಹಗ್ಗದ ಮೇಲೆ ಟೋಪಿ! ಎರಡು ಕ್ಲಿಪ್ ಹಾಕಿಸಿಕೊಂಡು ಟವೆಲ್ಲಿನ ಪಕ್ಕ ಗಾಳಿಗೆ ಓಲಾಡುತ್ತಿತ್ತು.

"ಅಯ್ಯೋ ಅತ್ತಿ, ಏನ್ ಮಾಡಿದ್ರಿ!"

"ಮತ್ತೇನ ಮಾಡಬೇಕಿತ್ತು? ಸತ್ತವರ ಟೊಪಗಿ ಒಗೀಲಾರದ ಮನಿಯೊಳಗ ಇಟ್ಕೊಂಡೀಯಲ್ಲ! ಯಾರ ತಲಿ ಬೆವರೋ ಏನೋ. ಬಣ್ಣ ಬಿಟ್ಟೀತು ಅಂತ ಹದ್ದು ಬಿಚ್ಚಿಟ್ಟು, ಸೋಪಿನ ಪುಡಿ ಹಾಕಿ ಒಗದೇನಿ. ಒಣಗಿದ ಮ್ಯಾಲೆ ಮತ್ತ ಹಚ್ಚಿ, ಗಾಳಿ ಆಡಲಿ ಅಂತ ಹಗ್ಗಕ್ಕ ಹಾಕೇನಿ. ನೋಡು, ಹೊಲಿಗಿ ಕಾಣತೈತೇನು?"

ಹೊಲಿಗೆ ಕಾಣುತ್ತಿರಲಿಲ್ಲ, ನಿಜ. ಆದರೆ ಅಸಲಿತನಕ್ಕೆ ಸಾಕ್ಷಿಯಾಗಿ ಒಳಗೆ ಒತ್ತಿದ್ದ ಕಾರ್ಖಾನೆಯ ಮಸಿಯ ಮೊಹರೂ ಕಾಣುತ್ತಿರಲಿಲ್ಲ. ಬೆವರಿನ ಕಲೆ ಮಾಯ. ನನಗೆ ಅಳು ಬಂತು, ಸಿಟ್ಟೂ ಬಂತು. ಸಿಟ್ಟು ನುಂಗಿದೆ. ಸತ್ತವರ ಬಟ್ಟೆ ಒಗೆಯದೆ ಮನೆಯೊಳಗೆ ಇಡದ ಇವರ ಊರಲ್ಲಿ ಹುಟ್ಟಿ ಬೆಳೆದಿದ್ದರೆ ನಾನೂ ಒಗೆಯುತ್ತಿದ್ದೆ.

ಹ್ಯೂಸ್ಟನ್ನಿನ ಕೂಟದಲ್ಲಿ ಹಿರಿಯನೊಬ್ಬ ಕೋಣೆ ಕತ್ತಲೆ ಮಾಡಿ ನೇರಳೆ ದೀಪ ಬಿಟ್ಟ. ಆ ದೀಪಕ್ಕೆ ಹಳೇ ಹತ್ತಿ ಕಪ್ಪಗಿರಬೇಕು. ಇವತ್ತಿನ ಬಟ್ಟೆ, ಇವತ್ತಿನ ದಾರವಾದರೆ ಬೆಳ್ಳಗೆ ಹೊಳೆಯುತ್ತದೆ. ನಮ್ಮ ಟೋಪಿ ಟ್ಯೂಬ್‌ಲೈಟ್ ಥರ ಹೊಳೀತು. ಹದ್ದು ಮಾತ್ರ ಕಪ್ಪಗೆ ಕೂತಿತ್ತು.

"ಅಸಲಿ ಹದ್ದು, ನಕಲಿ ಟೋಪಿ, ಹೊಸ ದಾರ," ಅಂದ. "ಇದಕ್ಕಿಂತ ಕೆಟ್ಟ ಮೋಸ ಇಲ್ಲ."

ಹೊಳೆಯುವುದು ಸೋಪಿನ ಪುಡಿಯಲ್ಲಿರುವ ಬಿಳುಪಿನ ರಾಸಾಯನಿಕ, ಬಟ್ಟೆಯಲ್ಲ. ನಮ್ಮ ಅತ್ತಿ ಒಗೆದಿದ್ದಾರೆ ಅಂದೆ. ಎಲ್ಲರೂ ನಕ್ಕರು. ಸಿಕ್ಕಿಬಿದ್ದವರೆಲ್ಲ ಒಬ್ಬ ಮುದುಕಿಯ ಕಥೆ ಹೇಳುತ್ತಾರಂತೆ. ನಕಲಿ ಅಂತ ಒಪ್ಪಿಕೊಂಡುಬಿಡು, ಮರ್ಯಾದೆ ಉಳಿಯುತ್ತದೆ ಅಂತ ಬುದ್ಧಿವಾದ ಬೇರೆ. ಕಾಮಾಲೆ ಕಣ್ಣಿನವನಿಗೆ ಲೋಕವೆಲ್ಲ ಹಳದಿ ಅಂತ ಕನ್ನಡದಲ್ಲೇ ಬೈದು ಎದ್ದು ಬಂದೆ. ಬಂದೆನೇನೋ ಸರಿ, ಯೂಲೆಸ್‌ನ ಅಜ್ಜಿಗೆ ಏನು ಹೇಳಲಿ? ಅಣ್ಣನೇ ಗೆದ್ದ ಅನ್ನಲೇ? ಗಂಡ "ಬಿಟ್ಟಾಕು, ಹೋಗಲಿ" ಅಂದ. ಅವನಿಗೇನು, ಮಾತು ಕೊಟ್ಟವಳು ನಾನು.

ಒಂದು ಸಂಜೆ ಅತ್ತಿ ರೊಟ್ಟಿಯ ಹಿಟ್ಟು ನಾದಲು ಕೈಗಡಿಯಾರ ಬಿಚ್ಚಿದರು. ದಿನಾ ಬಿಸಿಲಲ್ಲಿ ವಾಕಿಂಗ್ ಹೋಗುವ ಕೈ. ಗಡಿಯಾರದ ಪಟ್ಟಿ ಇದ್ದ ಕಡೆ ಮಾತ್ರ ಬೇರೆ ಬಣ್ಣ. ನಾನು ನೋಡುತ್ತಾ ನಿಂತೆ.

"ಅತ್ತಿ, ಹದ್ದು ಬಿಚ್ಚಿದಾಗ ಕೆಳಗೆ ಹ್ಯಾಂಗಿತ್ತರಿ?"

"ಹ್ಯಾಂಗಿರತೈತಿ? ಬಟ್ಟಿ ಇತ್ತು. ಅಲ್ಲಷ್ಟ ಬಣ್ಣ ದಟ್ಟ ಇತ್ತು. ಕೊಳಿ ಅಂತ ತಿಕ್ಕಿದ್ನಿ, ಹೋಗಲಿಲ್ಲ."

ಹಿಟ್ಟಿನ ಕೈಯನ್ನೇ ಹಿಡಿದು ಕುಣಿಸಿಬಿಟ್ಟೆ. ಮನೆಯಲ್ಲೇ ಬಿಚ್ಚಿ ನೋಡಬಹುದಿತ್ತು. ಆದರೆ ನಾನೊಬ್ಬಳೇ ನೋಡಿದರೆ ಸಾಕ್ಷಿ ಯಾರು? ಅದೂ ಒಂದು ಕಥೆಯಾಗುತ್ತಿತ್ತು.

ಡ್ಯಾಲಸ್‌ನಲ್ಲಿ ಸಂಗ್ರಾಹಕರ ದೊಡ್ಡ ಮೇಳ ಇತ್ತು. ಕೇಟಿಯಿಂದ ಅತ್ತಿಯನ್ನೂ ಕೂರಿಸಿಕೊಂಡು ಡ್ರೈವ್ ಮಾಡಿದೆ. ಯೂಲೆಸ್‌ನಿಂದ ಅಜ್ಜಿಯನ್ನೂ ಕರೆತಂದೆ. ಅಲ್ಲಿ ಮೇಜು ಹಾಕಿ ಕೂತಿದ್ದ ಹ್ಯೂಸ್ಟನ್ನಿನ ಆ ಹಿರಿಯನ ಮುಂದೆಯೇ ಟೋಪಿ ಇಟ್ಟು, ಬ್ಲೇಡು ತೆಗೆದೆ. ಹೊಲಿಗೆ ಬಿಚ್ಚುವುದು ಈ ಮಂದಿಗೆ ಮಹಾಪಾಪ. "ನಿಲ್ಲು, ನಿಲ್ಲು!" ಅಂತ ಸುತ್ತಲೂ ಕೂಗಿದರು. "ನಕಲಿ ಅಂದಿರಲ್ಲ, ನಕಲಿಯನ್ನು ಬಿಚ್ಚಿದರೆ ನಿಮಗೇನು ನೋವು?" ಅಂದೆ. ಅತ್ತಿಯ ದಾರ ಒಂದೊಂದೇ ಕತ್ತರಿಸಿದೆ.

ಹದ್ದು ಎದ್ದಿತು. ಕೆಳಗೆ ಹದ್ದಿನದೇ ಆಕಾರದಲ್ಲಿ, ರೆಕ್ಕೆಯ ತುದಿಯವರೆಗೆ, ಬಿಸಿಲು ಕಾಣದ ಬಟ್ಟೆ. ಸುತ್ತಲಿನದೆಲ್ಲ ಬಿಸಿಲಿಗೆ ಸುಟ್ಟು ಬಿಳಿಚಿಕೊಂಡಿತ್ತು. ನಿನ್ನೆ ಮೊನ್ನೆ ಹೊಲಿದ ಟೋಪಿಗೆ ಆ ಗುರುತು ಎಲ್ಲಿಂದ ಬರಬೇಕು?

ಹಿರಿಯ ಕನ್ನಡಕ ಏರಿಸಿ, ಇಳಿಸಿ, ಬಹಳ ಹೊತ್ತು ನೋಡಿದ. "ಇವೆರಡೂ ಜೀವಮಾನವೆಲ್ಲ ಜೊತೆಗೇ ಇದ್ದವು. ಹದ್ದು ಅಸಲಿ, ಅಂದಮೇಲೆ ಟೋಪಿಯೂ ಅಸಲಿ," ಅಂದ. ಆಮೇಲೆ ಗೊಣಗಿದ, "ಆದರೂ ಒಗೆಯಬಾರದಿತ್ತು."

"ಏನಂತಾನ ಅಂವಾ?" ಅತ್ತಿ ಕೇಳಿದರು.

"ಸ್ವಚ್ಛ ಒಗೆದೀರಿ ಅಂತಾನರಿ."

"ಮತ್ತ! ಹದ್ದು ಹಚ್ಚಿ ಕೊಡಲೇನ?"

"ಬ್ಯಾಡರಿ. ಹಿಂಗೇ ಇರಲಿ."

ಅಜ್ಜಿ ಆ ಬಣ್ಣದ ಗುರುತಿನ ಮೇಲೆ ಒಂದು ಬೆರಳಿಟ್ಟುಕೊಂಡೇ, ಇನ್ನೊಂದು ಕೈಯಲ್ಲಿ ಅಣ್ಣನಿಗೆ ಫೋನ್ ಮಾಡಿದರು. ಹಲೋ ಕೂಡ ಅನ್ನಲಿಲ್ಲ.

"ಕ್ಷಮೆ ಕೇಳು," ಅಂದರು. "ನನ್ನನ್ನಲ್ಲ, ಅಪ್ಪನನ್ನು."