ಆಷಾಢದಲ್ಲಿ ಮನೆ ಖಾಲಿ ಮಾಡಿದ ಅಕ್ತರಮ್ಮ

ಹುಣಸೂರಿನ ನಮ್ಮ ವಠಾರದಲ್ಲಿ ಹತ್ತು ಮನೆ. ಒಂಬತ್ತರಲ್ಲಿ ಬಾಡಿಗೆಯವರು, ಮೊದಲನೆಯದರಲ್ಲಿ ಮನೆಯೊಡತಿ ಅಕ್ತರುನ್ನೀಸಾ. ನಮಗೆಲ್ಲ ಅವರು ಅಕ್ತರಮ್ಮ. ನಾನು ನಾಲ್ಕನೇ ಮನೆಯವನು, ಹತ್ತೊಂಬತ್ತು ವರ್ಷದಿಂದ ಅವರ ಬೈಗುಳ ತಿಂದುಕೊಂಡು ಬದುಕಿರುವ ಟೈಲರ್.

ಗಂಡ, ಮರದ ವ್ಯಾಪಾರಿ ಜಬ್ಬಾರ್ ಸಾಹೇಬರು ತೀರಿಕೊಂಡ ಮೇಲೆ ವಠಾರ ನೋಡಿಕೊಂಡವರು ಈ ಹೆಂಗಸೇ. ಮನೆ ಕೇಳಿಕೊಂಡು ಬಂದವರ ಹತ್ತಿರ ಅವರು ಆಧಾರ್ ಕಾರ್ಡ್ ಕೇಳುತ್ತಿರಲಿಲ್ಲ. ಈಗಿರುವ ಮನೆ ಎಲ್ಲಿ ಎಂದು ತಿಳಿದುಕೊಂಡು, ಹೇಳದೆ ಕೇಳದೆ ಅಲ್ಲಿಗೇ ಹೋಗಿ ಬಚ್ಚಲು ನೋಡಿ ಬರುತ್ತಿದ್ದರು. ಪಾಚಿ ಕಂಡರೆ ಮನೆ ಇಲ್ಲ. ನನ್ನ ಬಚ್ಚಲು ನೋಡಿ "ಪರವಾಗಿಲ್ಲ" ಎಂದದ್ದೇ ಜೀವನದಲ್ಲಿ ನನಗೆ ಸಿಕ್ಕ ಏಕೈಕ ಪ್ರಶಸ್ತಿ. ಕರಾರುಪತ್ರ ಯಾರ ಹತ್ತಿರವೂ ಇರಲಿಲ್ಲ. ಅವರ ಬಾಯಿಮಾತೇ ಕರಾರು, ಅದು ಬೈಗುಳದ ರೂಪದಲ್ಲಿ ದಿನಾ ನವೀಕರಣವಾಗುತ್ತಿತ್ತು. ಆದರೆ ಸೂರು ಸೋರುತ್ತದೆ ಎಂದರೆ ಸಂಜೆಯೊಳಗೆ ಹೆಂಚು ಕೈಯಾಡಿಸುವವನು ಮೇಲೆ ಹತ್ತಿರುತ್ತಿದ್ದ.

ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಅದೇ ತೊಂದರೆಯಾಯಿತು ನೋಡಿ. ಅಕ್ತರಮ್ಮನ ಮನೆಯ ಮಹಡಿಯಲ್ಲೇ ಇರುವ, ಪ್ಲೈವುಡ್ ಅಂಗಡಿಯ ಹಿರಿಮಗ ಸೊಹೈಲ್, ಕೆ.ಆರ್. ನಗರದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಕಿರಿಮಗ ನೂಮಾನ್, ಇಬ್ಬರೂ ಇರಲಾರದೆ ಇರುವೆ ಬಿಟ್ಟುಕೊಂಡರು. ವಠಾರಕ್ಕೆ ಸಾಫ್ಟ್‌ವೇರ್ ಬೇಕಂತೆ! ತಿಂಗಳಿಡೀ ಕೂತು ಮೂರು ಸಾಫ್ಟ್‌ವೇರ್ ನೋಡಿದರು. ಹೆಣ್ಣು ನೋಡುವಾಗಲೂ ಇಷ್ಟು ನೋಡಿರಲಿಲ್ಲ. ಮೊದಲನೆಯದು ದುಬಾರಿ, ಎರಡನೆಯದಕ್ಕೆ ಕನ್ನಡ ಬರದು, ಮೂರನೆಯದರ ಬಣ್ಣ ಚೆನ್ನಾಗಿತ್ತು. ಮೂರನೆಯದೇ ಗಟ್ಟಿಯಾಯಿತು. ಅದನ್ನು ಸಾಕಲು ಒಬ್ಬ ಮ್ಯಾನೇಜರೂ ಬೇಕಾದ. ಬಂದ ಐದು ಜನರಲ್ಲಿ ಪಿರಿಯಾಪಟ್ಟಣದ ಕಿರಣ್‌ಕುಮಾರ್ ಆಯ್ಕೆಯಾದ. ಅವನೊಬ್ಬನೇ ಟೈ ಕಟ್ಟಿಕೊಂಡು ಬಂದಿದ್ದ.

ಅದೇ ಕೆಲಸವನ್ನು ಇಪ್ಪತ್ತಾರು ವರ್ಷ ಮಾಡಿದ ತಾಯಿಯನ್ನು ಒಂದು ಮಾತು ಕೇಳಲಿಲ್ಲ. ಅವರು ಒಳಗಿನಿಂದ ಐವರಿಗೂ ಚಹಾ ಮಾಡಿ ಕಳಿಸಿದರು.

"ಅಮ್ಮೀ, ನೀವಿನ್ನು ಆರಾಮಾಗಿರಿ," ಎಂದ ಸೊಹೈಲ್.

"ಆರಾಮಾಗಿರೋಕೆ ನನಗೇನು ಕಾಯಿಲೆಯಾ?" ಎಂದರು. ಸಾಫ್ಟ್‌ವೇರಿನಲ್ಲಿ ಆ ಪ್ರಶ್ನೆಗೆ ಜಾಗವಿರಲಿಲ್ಲ.

ಆಷಾಢದ ಎರಡನೇ ವಾರ ಎಲ್ಲರ ಮೊಬೈಲಿಗೂ ಒಟ್ಟಿಗೆ ಒಂದು ಸಂದೇಶ ಬಂತು. "ನಿಮ್ಮ ಕರಾರು ದಾಖಲೆಯಲ್ಲಿಲ್ಲ. ಹದಿನೈದು ದಿನಗಳೊಳಗೆ ಮನೆ ತೆರವುಗೊಳಿಸಿ." ಹೊಗೆಸೊಪ್ಪು ವಿಂಗಡಿಸುವ ಕೆಲಸಕ್ಕೆ ಹೋಗುವ ಎರಡನೇ ಮನೆಯ ಸಾಕಮ್ಮ, ಕಿರಣ್‌ಕುಮಾರನನ್ನು ಗೇಟಿನಲ್ಲೇ ಹಿಡಿದಳು.

"ಆಸಾಡದಾಗೆ ಯಾರಾದ್ರೂ ಮನೆ ಬದ್ಲಾಯಿಸ್ತಾರಾ ಸಾರ್? ಒಸ ಮನೇಲಿ ಆಲು ಉಕ್ಸೋದು ಎಂಗೆ?"

"ನಂಗೂ ಗೊತ್ತು ಕಣಮ್ಮ. ನಮ್ಮನೇಲೂ ಮಾಡಲ್ಲ. ಸಿಸ್ಟಮ್ಮಿಗೆ ಗೊತ್ತಿಲ್ವಲ್ಲ, ಏನ್ ಮಾಡ್ಲಿ?"

ತಿಳಿದವನಿಗೆ ಅಧಿಕಾರವಿಲ್ಲ, ಅಧಿಕಾರವಿರುವುದಕ್ಕೆ ಪಂಚಾಂಗವಿಲ್ಲ. ನಾವೆಲ್ಲ ಅಕ್ತರಮ್ಮನ ಜಗಲಿಗೆ ಹೋದೆವು. ಅವರು ಕನ್ನಡಕ ಏರಿಸಿಕೊಂಡು ತಮ್ಮ ಮೊಬೈಲನ್ನೇ ನೋಡುತ್ತಿದ್ದರು. ಅದರಲ್ಲೂ ಅದೇ ನೋಟೀಸು.

"ನಿಮ್ಗೂ ಬಂತಾ ಅಮ್ಮಾವ್ರೇ?" ಸಾಕಮ್ಮ ನಕ್ಕುಬಿಟ್ಟಳು. "ಏನೋ ತಪ್ಪಾಗೈತೆ, ಬುಡಿ."

ಅಕ್ತರಮ್ಮ ನಗಲಿಲ್ಲ. "ನಿಮಗೆ ಆಷಾಢ ಅಡ್ಡ ಐತೆ, ಇರ್ರಿ. ನಮ್ಮಲ್ಲಿ ಅದೆಲ್ಲ ಇಲ್ಲ. ನಾನು ಇವತ್ತೇ ಖಾಲಿ ಮಾಡ್ತೀನಿ."

ತಮಾಷೆ ಎಂದುಕೊಂಡೆವು. ಅಷ್ಟರಲ್ಲಿ ಟ್ರಂಕು, ನಮಾಜು ಮಾಡುವ ಜಾನಮಾಜು, ಎಲೆಯಡಿಕೆ ಡಬ್ಬಿ ಹೊರಗೆ ಬಂದವು. ಬೇಡ ಬೇಡ ಎನ್ನುತ್ತಲೇ ಟ್ರಂಕಿನ ಒಂದು ಕಡೆ ಹಿಡಿದವನು ನಾನೇ. ಅದು ಸಾಕಮ್ಮನ ಮನೆ ಸೇರಿತು. ಬೀಗದ ಕೈಯನ್ನು ಕಿರಣ್‌ಕುಮಾರನಿಗೆ ಕೊಟ್ಟು, "ತಗೊಂಡಿದ್ದೀನಿ ಅಂತ ಬರ್ಕೊಡಪ್ಪ" ಎಂದರು. ಪಾಪ, ಅವನು ಬೆವರುತ್ತ ಬರೆದುಕೊಟ್ಟ.

ಮಧ್ಯಾಹ್ನ ಅಂಗಡಿ ಬಿಟ್ಟು ಅಣ್ಣತಮ್ಮ ಸಾಕಮ್ಮನ ಬಾಗಿಲಿಗೆ ಓಡಿಬಂದರು. "ಅಮ್ಮೀ, ಅದು ಕಂಪ್ಯೂಟರಿನ ತಪ್ಪು. ಬನ್ನಿ ಮನೆಗೆ."

ಮನೆಯಲ್ಲಿ ಉರ್ದು ಆಡುವ ಅಕ್ತರಮ್ಮ, ವಠಾರಕ್ಕೆಲ್ಲ ತಿಳಿಯಲಿ ಎಂದು ಕನ್ನಡದಲ್ಲೇ ಕೇಳಿದರು. "ಏನಂತ ಬರ್ದೈತೆ ಅದರೊಳಗೆ? ಓದಪ್ಪ ಕಿರಣ."

ಕಿರಣ್‌ಕುಮಾರ್ ಲ್ಯಾಪ್‌ಟಾಪ್ ತೆರೆದು ಸಣ್ಣ ದನಿಯಲ್ಲಿ ಓದಿದ. "ಮಾಲೀಕರು, ಸೊಹೈಲ್ ಮತ್ತು ನೂಮಾನ್. ಮನೆ ಒಂದು. ವಾಸ, ಅಮ್ಮೀ. ಬಾಡಿಗೆ ಇಲ್ಲ. ಕರಾರು ಇಲ್ಲ."

"ಇದನ್ನ ಕಂಪ್ಯೂಟರೇ ಬರೀತಾ?"

"ಇಲ್ಲಮ್ಮ. ಸೊಹೈಲ್ ಸಾರ್ ಪಟ್ಟಿ ತುಂಬಿಸಿ ಕಳ್ಸಿದ್ರು."

ಒಂಬತ್ತು ಮನೆಯವರನ್ನು ಗದರಿಸಿಕೊಂಡು ಬಂದ ಹೆಂಗಸಿನ ಕಣ್ಣಲ್ಲಿ ನೀರು ನಾನು ಕಂಡದ್ದು ಅವತ್ತೇ.

"ನನ್ನ ತಲೆ ಮೇಲಿನ ಮಹಡೀಲೇ ಇದ್ದೀಯ," ಎಂದರು ಮಗನಿಗೆ. "ನೀನೂ ಬಾಡಿಗೆ ಕೊಡಲ್ಲ. ನಿನ್ನದೂ ಕರಾರಿಲ್ಲ. ಆ ಪಟ್ಟೀಲಿ ನಿನ್ನ ಹೆಸರು ಯಾಕೆ ಬರೀಲಿಲ್ಲ ಸೊಹೈಲ್?"

ಉತ್ತರಕ್ಕೆ ಕಾಯದೆ ಅಕ್ತರಮ್ಮ ಒಳಗೆ ಹೋಗಿ, ಸಾಕಮ್ಮ ಹಾಸಿದ ಚಾಪೆಯ ಮೇಲೆ ಕೂತರು.