ಅಕ್ಕ ಬಿಡಿಸಿದ ಲೆಕ್ಕ

ಬೀಜಗಣಿತ ಕಲಿತು ಏನು ಉಪಯೋಗ ಎಂದು ಕೇಳುವ ಹುಡುಗರ ಮೇಲೆ ನಾನು ಹರಿಹಾಯುತ್ತಿದ್ದೆ. ಗೊತ್ತಿಲ್ಲದ್ದಕ್ಕೆ ಹೆದರಬಾರದು, ಗೊತ್ತಿರುವುದರ ಕೈಹಿಡಿದು ಅದರ ಹತ್ತಿರ ಹೋಗಬೇಕು, ಈ ಲೆಕ್ಕ ಕಲಿಸುವುದು ಅದನ್ನೇ ಎಂದು ಮಾಸ್ತರಿಕೆ ಮಾಡಿದಷ್ಟು ವರ್ಷವೂ ಹೇಳಿದೆ. ಆ ಮಾತು ನನ್ನದಲ್ಲ. ಸಾಲೆಯ ಮೆಟ್ಟಿಲು ಹತ್ತದ ನನ್ನ ಅಕ್ಕನದು.

ಆಗ ನಿಜಾಮರ ಆಳ್ವಿಕೆ. ಅಪ್ಪ ನನ್ನನ್ನು ಕಮಲಾಪುರದಿಂದ ಕಲಬುರಗಿಯ ಸಾಲೆಗೆ ಕಳಿಸಿದ್ದ. ಅಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಗೊತ್ತಿಲ್ಲದ ಸಂಖ್ಯೆಗೆ ‘ಲಾ’ ಎನ್ನುತ್ತಿದ್ದರು. ನನಗೆ ಭಾಷೆಯೂ ತಿಳಿಯದು, ಲೆಕ್ಕವೂ ತಿಳಿಯದು. ತರಗತಿಯಲ್ಲಿ ದಿನಾ ನಗೆಪಾಟಲು.

ರಜೆಗೆ ಊರಿಗೆ ಬಂದಾಗ ಒಂದು ಲೆಕ್ಕ ಹಿಡಿದು ಅಳುತ್ತ ಕೂತಿದ್ದೆ. ಅಪ್ಪನ ವಯಸ್ಸು ಮಗನ ಮೂರರಷ್ಟು, ಹತ್ತು ವರ್ಷದ ಮೇಲೆ ಎರಡರಷ್ಟು, ಹಾಗಾದರೆ ಮಗನಿಗೆ ಈಗೆಷ್ಟು? ತೊಗರಿ ಹಸನು ಮಾಡುತ್ತಿದ್ದ ಅಕ್ಕ ಅರ್ಥ ಕೇಳಿಕೊಂಡಳು. ಬಟ್ಟಲೊಂದನ್ನು ಬೋರಲು ಹಾಕಿ, ಮಗನ ವಯಸ್ಸು ಇದರ ಕೆಳಗಿದೆ ಅಂದುಕೋ ಎಂದಳು. ಒಂದು ಕಡೆ ಹತ್ತು ವರ್ಷದ ಮೇಲೆ ಅಪ್ಪನ ವಯಸ್ಸು: ಮೂರು ಬಟ್ಟಲು, ಹತ್ತು ಕಾಳು. ಇನ್ನೊಂದು ಕಡೆ ಮಗನ ಆಗಿನ ವಯಸ್ಸಿನ ಎರಡರಷ್ಟು: ಎರಡು ಬಟ್ಟಲು, ಇಪ್ಪತ್ತು ಕಾಳು. ಎರಡೂ ಕಡೆಯಿಂದ ಸಮಸಮ ತೆಗೆಯುತ್ತ ಹೋದಳು. ಕೊನೆಗೆ ಇತ್ತ ಒಂದು ಬಟ್ಟಲು, ಅತ್ತ ಹತ್ತು ಕಾಳು ಉಳಿದವು. “ಗೊತ್ತಿಲ್ಲದ್ದಕ್ಕ ಹೆದರಬ್ಯಾಡ ತಮ್ಮಾ, ಗೊತ್ತಿದ್ದದ್ದರ ಕೈ ಹಿಡದು ಅದರ ಹತ್ರ ಹೋಗು,” ಅಂದಳು.

ಹೊರಡುವ ದಿನ ಗಾಡಿಯ ಹತ್ತಿರ ಬಂದು ಮೆಲ್ಲಗೆ ಹೇಳಿದಳು: “ಮಾಸ್ತರಿಗಿ ನಾ ಬಿಡಿಸೀನಿ ಅಂತ ಹೇಳು ತಮ್ಮಾ. ನನ್ನ ಸಾಲಿಗಿ ಹಾಕ್ರಿ ಅಂತ ಅಪ್ಪಗ ಒಂದ್ ಮಾತ ಹೇಳ್ಲಿ. ಅಪ್ಪ ಅವರ ಮಾತ ತಗದ ಹಾಕಂಗಿಲ್ಲ.”

ಕಲಬುರಗಿಯಲ್ಲಿ ಹಲಗೆಯ ಮೇಲೆ ಬಟ್ಟಲು, ಕಾಳು ಬರೆದು ಲೆಕ್ಕ ಬಿಡಿಸಿದೆ. ಮಾಸ್ತರರು ಬೆರಗಾದರು, ಈ ದಾರಿ ಯಾರು ತೋರಿಸಿದರು ಎಂದು ಕೇಳಿದರು. ದಿನಾ ನಗುತ್ತಿದ್ದವರೆಲ್ಲ ಈಗ ನನ್ನನ್ನೇ ನೋಡುತ್ತಿದ್ದರು. ನಾನೇ ಕಂಡುಕೊಂಡೆ ಎಂದುಬಿಟ್ಟೆ. ಅವರು ಬೆನ್ನು ತಟ್ಟಿದರು.

ಬೇಸಿಗೆ ರಜೆಗೆ ಊರಿಗೆ ಹೋದಾಗ ಅಕ್ಕ ಕೇಳಿದ ಮೊದಲ ಮಾತೇ ಮಾಸ್ತರಿಗೆ ಹೇಳಿದೆಯಾ ಎಂದು.

“ಹೇಳೀನಿ,” ಅಂದೆ. “ಬರ್ತಾರಂತ.”

ಆ ಬೇಸಿಗೆಯೆಲ್ಲ ಬಾಗಿಲಲ್ಲಿ ಗಾಡಿ ನಿಂತ ಸಪ್ಪಳವಾದರೆ ಸಾಕು, ಅಕ್ಕ ಕೈ ಒರೆಸಿಕೊಂಡು ಎದ್ದು ಬರುತ್ತಿದ್ದಳು. ನಾನು ಹಿತ್ತಲಿಗೆ ಜಾರಿಕೊಳ್ಳುತ್ತಿದ್ದೆ, ನಿಜ ಹೇಳಲಿಲ್ಲ. ಕೊನೆಗೊಂದು ದಿನ ಬಂದವರು ಮಹಾಗಾಂವದ ಬೀಗರು. ಶ್ರಾವಣಕ್ಕೆ ಮುಂಚೆಯೇ ಅಕ್ಕನ ಮದುವೆಯಾಯಿತು.

ಗಂಡನ ಮನೆಗೆ ಹೊರಟಾಗ ನನ್ನ ತಲೆ ಸವರಿ, “ನನ್ನ ಲೆಕ್ಕ ಅಷ್ಟೇನ್ ಚಲೋ ಇರ್ಲಿಲ್ಲ ಕಾಣಸ್ತದ, ತಮ್ಮಾ. ಇದ್ದಿದ್ರ ಮಾಸ್ತರು ಬರ್ತಿದ್ರು,” ಅಂದಳು.

ಆಗಲಾದರೂ ಹೇಳಬಹುದಿತ್ತು. ಮುಂದಿನ ಬೇಸಿಗೆ ರಜೆಗೆ ಹೇಳಿದರಾಯಿತು ಎಂದುಕೊಂಡೆ. ಆ ರಜೆ ಬರುವುದರೊಳಗೆ ಅಕ್ಕ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಳು. ತನಗೆ ಲೆಕ್ಕ ಬರುವುದಿಲ್ಲ ಎಂದು ನಂಬಿಕೊಂಡೇ ಹೋದಳು.