ಅತ್ತೆಯ ಚಾಕುವಿಗೆ ನಾನು ಹಾಕಿದ ಹಿಡಿ

ಶಹಾಪುರದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವನಿಗೆ ಒಂದು ಚಾಕುವಿಗೆ ಹಿಡಿ ಹಾಕುವುದು ಯಾವ ಲೆಕ್ಕ? ನಿವೃತ್ತನಾದ ಮೊದಲ ತಿಂಗಳು ನನಗೆ ಹೀಗೇ ಅನ್ನಿಸಿತ್ತು. ನಲ್ಲಿ, ಮಿಕ್ಸರ್, ಅಡುಗೆಮನೆಯ ಬಾಗಿಲುಗಳ ಬಗ್ಗೆಯೂ ಹೀಗೇ ಅನ್ನಿಸಿತ್ತು. ಅವುಗಳ ಸುದ್ದಿ ಈಗ ಬೇಡ.

ಚಾಕು ನನ್ನ ಹೆಂಡತಿಯದು. ಅವಳ ತಾಯಿ ಕಕ್ಕೇರಾದಲ್ಲಿ ಸವೆದ ಕುಡುಗೋಲಿನ ತುಂಡಿನಿಂದ ಅದನ್ನು ಮಾಡಿಸಿಕೊಂಡು ಜೀವನವಿಡೀ ಕಾಯಿಪಲ್ಲೆ ಹೆಚ್ಚಿದ್ದರು. ಅವರು ತೀರಿಕೊಂಡ ಮೇಲೆ ಉಳಿದವರು ಸೀರೆ, ಹಿತ್ತಾಳೆ ಕೊಡ ಹಂಚಿಕೊಳ್ಳುವಾಗ ಇವಳು ಚಾಕುವನ್ನಷ್ಟೇ ಕೇಳಿ ತಂದಳು. ಜಾಲಿ ಕಟ್ಟಿಗೆಯ ಹಿಡಿ, ಕೈಯ ಜಿಡ್ಡು ಕುಡಿದು ಕಪ್ಪಾಗಿತ್ತು. ಅದರ ಎಡಮಗ್ಗುಲಲ್ಲಿ ಹೆಬ್ಬೆರಳು ಕೂರುವಷ್ಟು ಒಂದು ತಗ್ಗು. ನನ್ನ ಕಣ್ಣಿಗೆ ಅದು ಬರೀ ಸವಕಳಿ.

ಅವಳ ತವರಿನ ಪದ್ಧತಿಯೊಂದು ನಮ್ಮ ಮನೆಗೂ ಬಂದಿತ್ತು: ಚಾಕುವನ್ನು ಯಾರ ಕೈಗೂ ಕೊಡಬಾರದು. ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಕೈಯಿಂದ ಕೈಗೆ ಕೊಟ್ಟರೆ ಇಬ್ಬರ ನಡುವೆ ಜಗಳ ಬರುತ್ತದಂತೆ. ನಾನು ನಗುತ್ತಿದ್ದೆ; ಆದರೂ ಕೆಳಗೇ ಇಡುತ್ತಿದ್ದೆ.

ಹಿಡಿ ಸೀಳಿದಾಗ ಅವಳು, "ಸುರಪುರ ರಸ್ತೆದಾಗಿನ ಕಂಬಾರಗ ಕೊಟ್ಟ ಬರ್ರಿ. ದಸರಾದ ಖಂಡೆ ಪೂಜಿ ಬಂತು," ಎಂದಳು.

"ಅದಕ್ಕ ಕಂಬಾರ ಯಾಕ? ನಾ ಇಲ್ಲೇನು?"

ಅವಳು ನನ್ನನ್ನೂ ನಲ್ಲಿಯನ್ನೂ ಒಮ್ಮೆ ನೋಡಿ, ಸಗರದ ತಂಗಿಯ ಮನೆಗೆ ಎರಡು ದಿನ ಹೋದಳು.

ನನ್ನ ಗುರು ಮೊಬೈಲಿನಲ್ಲಿದ್ದ. ಕೈಗವಸು ತೊಟ್ಟ ಆ ಮಹಾಶಯ ಎರಡು ಕಟ್ಟಿಗೆ ಹೋಳು ತೆಗೆದುಕೊಂಡು, ಅಲಗಿನ ಎರಡೂ ಬದಿಗೆ ಅಂಟು ಸವರಿ, ತೂತು ಕೊರೆದು, ಹಿತ್ತಾಳೆ ಮೊಳೆ ಬಡಿದು ಹತ್ತು ನಿಮಿಷದಲ್ಲಿ ಮುಗಿಸಿದ. ಕೊನೆಗೆ ಚಾಕು ಹಿಡಿದು ಮುಗುಳ್ನಕ್ಕ. ಚಾಕು ಹಿಡಿದು ನಗುವವರನ್ನು ನಂಬಬಾರದೆಂದು ನನಗಾಗ ತಿಳಿದಿರಲಿಲ್ಲ.

ಹಳೆಯ ಹಿಡಿಯನ್ನು ಒಡೆದು ಬಚ್ಚಲ ಒಲೆಗೆ ಹಾಕಿದೆ. ನೀರು ಚೆನ್ನಾಗಿ ಕಾಯಿತು. ಸುಖವಾಗಿ ಸ್ನಾನವನ್ನೂ ಮಾಡಿದೆ.

ಹಳೆಯ ಬಾಗಿಲಿನ ಸಾಗವಾನಿ ತುಂಡು ಕೊಯ್ದು, ಅಂಟು ಹಚ್ಚಿ, ಸೈಕಲ್ ಟ್ಯೂಬಿನಿಂದ ಬಿಗಿದು, ಮರುದಿನ ಉಜ್ಜಿ ವಾರ್ನಿಶ್ ಬಳಿದೆ. ಷೋರೂಮಿನಲ್ಲಿ ಇಡುವಂತಿತ್ತು, ಅಲ್ಲೇ ಇಡಬೇಕಿತ್ತು ಕೂಡ. ಬದನೆಕಾಯಿಯ ಮೇಲೆ ಒತ್ತಿದ ಕೂಡಲೇ ಹಿಡಿ ನನ್ನ ಕೈಯಲ್ಲಿ ನೆಟ್ಟಗೆ ಉಳಿಯಿತು, ಅಲಗು ಮಾತ್ರ ಹೊರಳಿ ನನ್ನ ಮುಖ ನೋಡಿತು.

ಕೊನೆಗೆ ಕಂಬಾರನ ಬಳಿಗೇ ಒಯ್ದೆ. ಅವನಿಗೆ ನಗು ತಡೆಯಲಾಗಲಿಲ್ಲ. "ಮಾಸ್ತರ್ರ, ಇದು ಬಾಲದ ಚಾಕು. ಅಲಗಿನ ಹಿಂದಿನ ಈ ಬಾಲ ಕೆಂಪಗ ಕಾಸಿ ಕಟ್ಟಿಗಿಯೊಳಗ ಇಳಸಬೇಕು. ನೀವು ರೊಟ್ಟಿ ನಡುವ ಪಲ್ಯ ಇಟ್ಟಂಗ ಇಟ್ಟೀರಲ್ರಿ! ಇರ್ಲಿ, ಹಳೀ ಹಿಡಿ ಕೊಡ್ರಿ."

"ಅದ್ಯಾಕ?"

"ಅದನ್ನ ನೋಡಿನ ಹೊಸಾದು ಕೆತ್ತೂದ್ರಿ. ಹಿಡಿಯಾಗ ದಿನಾ ಹೆಚ್ಚವರ ಕೈ ಇರ್ತದ."

"ಒಲಿಗೆ ಹಾಕೇನಿ."

ಅವನ ನಗು ನಿಂತಿತು. "ಹಂಗಾದ್ರ ಅವರನ್ನ ಕರಕೊಂಡ ಬರ್ರಿ."

ಅಂದು ಸಂಜೆ ಹೆಂಡತಿ ಬಂದಳು. ಹೇಳಿದೆ. ಅವಳು ಕೂಗಾಡಲಿಲ್ಲ. "ಅದರಾಗ ನಮ್ಮವ್ವನ ಬೆರಳಿತ್ತಲ್ರಿ," ಎಂದಳು ಅಷ್ಟೇ. ನನಗೆ ನಾಚಿಕೆಯಾಯಿತು. ಅವಳು ದಿನಾ ಆ ತಗ್ಗಿನಲ್ಲಿ ತನ್ನ ಹೆಬ್ಬೆರಳಿಟ್ಟು ಈರುಳ್ಳಿ ಹೆಚ್ಚುವುದನ್ನು ಎದುರಿಗೇ ಕೂತು ನೋಡಿದ್ದೆ, ಪೇಪರ್ ಓದುತ್ತಾ. ಎರಡು ದಿನ ಅವಳು ನನ್ನ ಊಟದ ತಾಟನ್ನೂ ಚಾಕುವಿನಂತೆ ಕೆಳಗಿಟ್ಟು ಹೋಗುತ್ತಿದ್ದಳು.

ಮೂರನೆಯ ದಿನ ತಾನೇ ಚಪ್ಪಲಿ ಮೆಟ್ಟಿ ಕಂಬಾರನ ಕಡೆಗೆ ಹೊರಟಳು; ನಾನು ಹಿಂದೆ ನಡೆದೆ. ಕಂಬಾರ ಒಲೆಗೆ ಮೆತ್ತುವ ಹಸಿ ಮಣ್ಣಿನ ಮುದ್ದೆ ಕೊಟ್ಟು, "ಕಾಯಿಪಲ್ಲೆ ಹೆಚ್ಚೂವಾಗ ಹಿಡಿದಂಗ ಹಿಡೀರಿ ಅಕ್ಕಾರ," ಎಂದ. ಅವಳು ಹಿಡಿದಳು. ಅವನು ಬಗ್ಗಿ ನೋಡಿದ.

"ಹೆಬ್ಬಟ್ಟು ಮಗ್ಗಲಿಗೆ ಯಾಕ ಒತ್ತೀರಿ? ಎಲ್ಲಾರೂ ಮ್ಯಾಲ ಇಡ್ತಾರ."

ಅವಳು ಮಣ್ಣಿನಲ್ಲಿ ಮೂಡಿದ ತಗ್ಗನ್ನು ನೋಡಿದಳು. "ನಮ್ಮವ್ವ ಹಂಗ ಹಿಡೀತಿದ್ದಳು," ಎಂದಳು.

ಅವನು ಅದನ್ನು ಎದುರಿಗಿಟ್ಟುಕೊಂಡು ಜಾಲಿ ತುಂಡು ಕೆತ್ತಿದ. ಕೆಂಪಾದ ಬಾಲ ಕಟ್ಟಿಗೆಯೊಳಗೆ ಹೊಗೆಯೆಬ್ಬಿಸುತ್ತಾ ಇಳಿಯಿತು. ಮೊಳೆಯಿಲ್ಲ, ವಾರ್ನಿಶ್ ಇಲ್ಲ, ಮುಗುಳ್ನಗೆಯೂ ಇಲ್ಲ. ನೀರಲ್ಲಿ ಅದ್ದಿ, ಆರಿಸಿ, ನೆಲದ ಮೇಲಿಟ್ಟ.

ನಾನು ಎತ್ತಿಕೊಂಡು, ಪದ್ಧತಿ ತಪ್ಪದಂತೆ ಅವಳ ಮುಂದೆ ಇಡಲು ಬಗ್ಗಿದೆ.

"ಏಳ್ರಿ, ಕೈಯಾಗ ಕೊಡ್ರಿ," ಎಂದು ಅವಳು ಕೈಚಾಚಿದಳು. "ಇನ್ನ ಯಾವ ಜಗಳ ಉಳದದ ನಮಗ?"